ಮನೆತನಗಳ ನೆನಪು: ನಮ್ಮ ಐದು ತಾಲ್ಲೂಕುಗಳ ಅಲಿಖಿತ ಚರಿತ್ರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳ ಅರಸರ ಹಾಗೂ ಪಾಳೆಯಗಾರರ ಚರಿತ್ರೆ ತಕ್ಕಮಟ್ಟಿಗೆ ಬರೆಯಲ್ಪಟ್ಟಿದೆ. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ನಾಯಕರ ವೃತ್ತಾಂತವು 1872ರ ಕೆಲ್ಸಾಲನ ಬಳ್ಳಾರಿ ಜಿಲ್ಲಾ ಕೈಪಿಡಿಯಿಂದ ಮೊದಲ್ಗೊಂಡು 1904ರ ಫ್ರಾನ್ಸಿಸನ ಗ್ಯಾಸೆಟಿಯರಿನವರೆಗೆ ಸಿಕ್ಕುತ್ತದೆ. ಈ ಸೀಮೆಯ ಗುಡಿಗಳ ಕಲ್ಲುಬರಹಗಳು 'ದಕ್ಷಿಣ ಭಾರತ ಶಾಸನಗಳು' ಮಾಲಿಕೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಗಿ ಎಂಬತ್ತಕ್ಕೂ ಹೆಚ್ಚು ವರ್ಷಗಳಾದುವು. ಆದರೆ ಈ ಎರೆಯನ್ನೂ ಮಸಾರಿಯನ್ನೂ ಉತ್ತು, ಬರ ಬಂದಾಗ ಗುಳೆ ಹೋಗಿ, ಮಳೆ ಬಿದ್ದಾಗ ಮರಳಿ ಬಂದ ಸಾಮಾನ್ಯ ಮನೆತನಗಳ ಚರಿತ್ರೆ ಎಲ್ಲಿದೆ? ಶತಮಾನೋತ್ಸವದ ಸಂಚಿಕೆಯೊಂದನ್ನು ಹೊರತರುವಾಗ ಈ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ನೂರು ವರ್ಷವೆಂದರೆ ನಾಲ್ಕು ತಲೆಮಾರು. ನಮ್ಮಲ್ಲಿ ಎಷ್ಟು ಮಂದಿ ಮುತ್ತಜ್ಜಿಯ ಹೆಸರನ್ನು ತಡವರಿಸದೆ ಹೇಳಬಲ್ಲೆವು?

ಹಾಗೆಂದು ಈ ನಾಡಿನ ಜನರು ವಂಶದ ನೆನಪಿನ ಬಗ್ಗೆ ಉದಾಸೀನರಾಗಿದ್ದರೆಂದು ತಿಳಿಯಲಾಗದು. ಅದಕ್ಕಾಗಿಯೇ ಮೀಸಲಾದ ಒಂದು ಸಮುದಾಯವನ್ನು ಅವರು ಸಾಕಿಕೊಂಡು ಬಂದರು. ಎತ್ತಿನ ಮೇಲೆ ಕುಳಿತು ಗಂಟೆಯ ಸದ್ದಿನೊಡನೆ ಊರನ್ನು ಪ್ರವೇಶಿಸುತ್ತಿದ್ದ ಹೆಳವರನ್ನು ಹಿರಿಯ ವಾಚಕರು ಮರೆತಿರಲಾರರು. ಕಾಲಿಲ್ಲದ ತಮ್ಮ ಮೂಲಪುರುಷನಿಗೆ ಬಸವಣ್ಣನವರೇ ಎತ್ತನ್ನು ದಯಪಾಲಿಸಿದರೆಂಬುದು ಅವರಲ್ಲಿ ನಡೆದುಬಂದ ಐತಿಹ್ಯ. ಇಂಥ ಊರಿನ ಇಂಥ ಮನೆತನಗಳು ಇಂಥ ಹೆಳವನಿಗೆ ಸೇರಿದವೆಂದು ಅವರೊಳಗೆ ಹಂಚಿಕೆಯಿತ್ತು. ಒಕ್ಕಲಿನ ಮನೆಯ ಅಂಗಳದಲ್ಲಿ ನಿಂತು, ಮೂಲ ಊರು ಯಾವುದು, ಅಲ್ಲಿಂದ ಯಾವ ಕಾರಣಕ್ಕೆ ಎದ್ದು ಬಂದರು, ಯಾರಿಗೆ ಎಷ್ಟು ಮಕ್ಕಳು, ಯಾರು ದತ್ತು ಹೋದರು ಎಂಬುದನ್ನು ಹೆಳವನು ಒಂದೇ ಉಸಿರಿಗೆಂಬಂತೆ ಹೇಳುತ್ತಿದ್ದನು. ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕದಲ್ಲಿ ಸೇರಿಸಿಕೊಂಡು, ಕಾಳು, ಬಟ್ಟೆ, ಅನುಕೂಲವಿದ್ದಲ್ಲಿ ಕುರಿಯನ್ನೋ ಕರುವನ್ನೋ ಪಡೆದು ಮುಂದಿನ ಊರಿಗೆ ಹೊರಡುತ್ತಿದ್ದನು. ಇಂದು ಅವರ ಮಕ್ಕಳು ಬೇರೆ ಕಸುಬುಗಳನ್ನು ಹಿಡಿಯುತ್ತಿದ್ದಾರೆ. ಅದನ್ನು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಭಿಕ್ಷಾಟನೆಯ ಬಾಳು ಯಾರಿಗೆ ಬೇಕು? ಆದರೆ ಹೆಳವನು ಬರುವುದನ್ನು ನಿಲ್ಲಿಸಿದ ಮನೆಯಲ್ಲಿ ವಂಶಾವಳಿಯೂ ಅಲ್ಲಿಗೇ ನಿಲ್ಲುತ್ತದೆ. ಹಳೆಯ ಪುಸ್ತಕವು ಅವನ ಮನೆಯ ಅಟ್ಟದಲ್ಲಿ ಗೆದ್ದಲಿನ ಪಾಲಾಗುವ ಮುನ್ನ ಅದನ್ನು ಗೌರವದಿಂದ ಕೇಳಿ, ತಕ್ಕ ಸಂಭಾವನೆಯಿತ್ತು, ಪ್ರತಿ ಮಾಡಿಸಿಕೊಳ್ಳುವುದು ಆ ಒಕ್ಕಲಿನವರು ಕೂಡಲೇ ಮಾಡಬೇಕಾದ ಕೆಲಸ.

ಹೆಳವರ ವಂಶಾವಳಿಗೆ ಒಂದು ಕೊರತೆಯಿದೆ. ಅದು ಬಹುಮಟ್ಟಿಗೆ ಗಂಡುಮಕ್ಕಳ ಸರಪಳಿ. ಮನೆಗೆ ಬಂದ ಸೊಸೆ, ಮನೆಯಿಂದ ಹೋದ ಮಗಳು ಅದರಲ್ಲಿ ಕಾಣಿಸಿಕೊಳ್ಳುವುದು ವಿರಳ. ಈ ದೃಷ್ಟಿಯಿಂದ ನೋಡಿದಾಗ ಚರ್ಚಿನ ಪುಸ್ತಕಗಳ ಬೆಲೆ ತಿಳಿಯುತ್ತದೆ. ವಿವಾಹ ಮತ್ತು ಜ್ಞಾನಸ್ನಾನಗಳ ಪುಸ್ತಕಗಳನ್ನು ಗುರುಗಳು ಇಡಲೇಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. ಸತ್ತವರ ಪುಸ್ತಕವು 1614ರ ರೋಮನ್ ವಿಧಿಗ್ರಂಥದೊಡನೆ ಅದಕ್ಕೆ ಸೇರಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯೂ ಈ ಮೂರನ್ನು ಪ್ರತಿ ಧರ್ಮಕೇಂದ್ರಕ್ಕೂ ಕಡ್ಡಾಯಗೊಳಿಸಿದೆ. ಮಗುವಿನ ತಂದೆಯ ಹೆಸರಿನೊಡನೆ ತಾಯಿಯ ಹೆಸರು, ಜ್ಞಾನ ತಂದೆತಾಯಿಗಳ ಹೆಸರು, ಮುಂದೆ ಆ ಮಗು ದೃಢೀಕರಣ ಪಡೆದುದು, ಮದುವೆಯಾದುದು ಎಲ್ಲವೂ ಒಂದೇ ನಮೂದಿನ ಸುತ್ತ ಬಂದು ಕೂಡುತ್ತವೆ. ಹಳೆಯ ಪುಟಗಳು ಲ್ಯಾಟಿನ್ ಭಾಷೆಯಲ್ಲಿರುವುದೂ, ಒಂದೇ ಹೆಸರು ಒಬ್ಬೊಬ್ಬ ಗುರುಗಳ ಕೈಯಲ್ಲಿ ಒಂದೊಂದು ರೂಪ ತಾಳುವುದೂ ತೊಡಕೇನೋ ಹೌದು. ಆದರೂ ನಮ್ಮ ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಮನೆಯಾಗಿ ಚದರಿಹೋಗಿರುವ ಕಥೋಲಿಕ ಕುಟುಂಬಗಳಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ದೊರೆಯಲಾರದು.

ಮಿಕ್ಕವರಿಗೆ ಆಧಾರವಾಗಿದ್ದುದು ಊರ ಲೆಕ್ಕಪತ್ರ. ಬಟ್ಟೆಗೆ ಹುಣಸೆಬೀಜದ ಸರಿ ಹಾಗೂ ಇದ್ದಿಲಿನ ಮಸಿ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಶಾನುಭೋಗರ ಮನೆಗಳಲ್ಲಿ ಹೊರೆಗಟ್ಟಲೆ ಇದ್ದುವು. 1800ರಲ್ಲಿ ಈ ಪ್ರಾಂತ್ಯ ನಿಜಾಮನಿಂದ ಕಂಪನಿಗೆ ಬಂದ ಮೇಲೆ, ಥಾಮಸ್ ಮನ್ರೋ ಇಲ್ಲಿ ರೈತರೊಬ್ಬೊಬ್ಬರ ಹೊಲವನ್ನೂ ಅಳೆಯಿಸಿ ಕಂದಾಯ ಗೊತ್ತುಮಾಡುವಾಗ ಇಂಥ ಲೆಕ್ಕಗಳೇ ಕೈಗೆ ಬಂದುವು. ಕರ್ನಲ್ ಮೆಕೆಂಜಿಯ ಸಹಾಯಕರು ಇಂಥವನ್ನೂ ಹಿರಿಯರ ಬಾಯಿಮಾತನ್ನೂ ಕೂಡಿಸಿ ಬರೆಸಿದ ಕೈಫಿಯತ್ತುಗಳು ಮದರಾಸಿನಲ್ಲಿ ಉಳಿದುವು, ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟಿಸಿದರು. 1858ರಲ್ಲಿ ನೇಮಕವಾದ ಇನಾಂ ಕಮಿಷನ್ನಿನ ರಿಜಿಸ್ಟರುಗಳಲ್ಲಿ ಇನಾಮುದಾರರ ಹೆಸರು, ವಯಸ್ಸು, ವಾರಸುದಾರರ ವಿವರ ಸಿಕ್ಕುತ್ತವೆ. ಆದರೆ 1960ರ ದಶಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದ ನಂತರ ಮನೆಗಳಲ್ಲೇ ಉಳಿದ ಕಡತಗಳಿಗೆ ಕೇಳುವವರಿಲ್ಲದಂತಾಯಿತು. ಅಕ್ಷರ ಬಲ್ಲವರೇ ಅವನ್ನು ನೀರೊಲೆಗೆ ಹಾಕಿದರೆಂಬುದು ಖೇದದ ಸಂಗತಿ.

ಹುಡುಕಹೊರಟವರಿಗೆ ಇನ್ನೊಂದು ಕಷ್ಟ. ನಮ್ಮ ಸೀಮೆ ಕುಳಿತಲ್ಲೇ ಕುಳಿತು ಒಡೆಯರನ್ನು ಬದಲಿಸಿದೆ. 1953ರ ಅಕ್ಟೋಬರ್ 1ರಂದು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಮಿಕ್ಕ ನಾಲ್ಕು ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಯಾಯಿತು. ಆದುದರಿಂದ ಒಂದೇ ಮನೆತನದ ಕಾಗದಪತ್ರಕ್ಕಾಗಿ ಹೊಸಪೇಟೆ, ಬಳ್ಳಾರಿ, ದಾವಣಗೆರೆಗಳನ್ನು ಸುತ್ತಿ, ಕಡೆಗೆ ಚೆನ್ನೈನ ಎಗ್ಮೋರಿನಲ್ಲಿರುವ ದಫ್ತರಖಾನೆಯ ಬಾಗಿಲನ್ನೂ ತಟ್ಟಬೇಕಾದೀತು.

ಕಾಗದ ಹೋದರೆ ಊರಾದರೂ ಇರುತ್ತದೆ ಎನ್ನುವ ಸಮಾಧಾನವೂ ಹೊಳೆದಂಡೆಯವರಿಗೆ ಇಲ್ಲ. 1945ರಲ್ಲಿ ಕೆಲಸ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಹಿಡಿದಾಗ ಎರಡೂ ದಂಡೆಗಳಲ್ಲಿ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದುವು; ಐವತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಗೋರಿ, ಗದ್ದುಗೆ, ಹಿತ್ತಿಲ ಬೇವಿನಮರ, ಯಾರ ಮನೆಗೆ ಯಾರು ನೆರೆ ಎಂಬ ಸಂಬಂಧ, ಇವೆಲ್ಲ ಪರಿಹಾರದ ಪಟ್ಟಿಯಲ್ಲಿ ಬರುವ ವಸ್ತುಗಳಲ್ಲ. ಆ ಊರನ್ನು ಕಂಡವರು ಈಗ ಎಂಬತ್ತು ದಾಟಿದ್ದಾರೆ. ಅವರ ಕೈಯಿಂದಲೇ ಊರಿನ ಬೀದಿಗಳ ನಕಾಶೆಯನ್ನು ಬರೆಯಿಸಿ, ಒಂದೊಂದು ಮನೆಗೂ ಹೆಸರು ಹಾಕಿಸುವ ಕೆಲಸ ಮಾಡುವುದಾದರೆ ಈ ಕೆಲವೇ ವರ್ಷಗಳಲ್ಲಿ ಆಗಬೇಕು.

ಅದೇ ನಾರಾಯಣದೇವರಕೆರೆಯಲ್ಲಿ 1823ರಲ್ಲಿ ಹುಟ್ಟಿ ಹರಪನಹಳ್ಳಿಗೆ ಸೊಸೆಯಾಗಿ ಬಂದವರು ಭೀಮವ್ವನವರು. ಅವರ ತವರೂರು ಮುಳುಗಿದರೂ ಹಾಡುಗಳು ಮುಳುಗಲಿಲ್ಲ. ಹೆಂಗಸರು ಬಾಯಿಂದ ಬಾಯಿಗೆ ಕಲಿತು, ಮದುವೆ, ಹಬ್ಬ, ಆರತಿಗಳಲ್ಲಿ ಹಾಡಿಕೊಂಡು ಬಂದರು. ಹೆಳವನ ಪುಸ್ತಕ ಕೈಬಿಟ್ಟ ತಾಯಂದಿರೇ ನೆನಪಿನ ದೊಡ್ಡ ಭಂಡಾರವಾಗಿದ್ದರು. ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜಿಯ ಹಾಡಿನ ಪುಸ್ತಕವಿದ್ದರೆ ಅದು ಆಸ್ತಿಪತ್ರದಷ್ಟೇ ಬೆಲೆಯುಳ್ಳದ್ದೆಂಬುದು ನಮ್ಮ ಅಭಿಪ್ರಾಯ.

ಹಿರಿಯರನ್ನು ಕೇಳುವುದಕ್ಕೂ ಒಂದು ಕ್ರಮವುಂಟು. ಯಾವ ಇಸವಿಯಲ್ಲಿ ಹುಟ್ಟಿದಿರಿ ಎಂದರೆ ಉತ್ತರ ಬಾರದು. ಯಾವ ಬರದ ಹಿಂದೆ, ಯಾವ ಬೇನೆಯ ಮುಂದೆ ಎಂದು ಕೇಳಬೇಕು. ಮದರಾಸು ಆಧಿಪತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯನ್ನೂ ಸೇರಿಸಿದ 1876-78ರ ಕ್ಷಾಮವು ಮನೆಮಾತಿನಲ್ಲಿ ಧಾತು ಈಶ್ವರ ಬರ. 1918ರ ಇನ್‌ಫ್ಲುಯೆಂಜಾ ಬಂದದ್ದು ಕಾಳಯುಕ್ತಿ ಸಂವತ್ಸರದಲ್ಲಿ. ಅಣೆಕಟ್ಟಿನ ನೀರೂ ಮೈಸೂರಿನ ಸೇರ್ಪಡೆಯೂ ಒಂದೇ ವಿಜಯ ಸಂವತ್ಸರದವು. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. 'ಧಾತು' ಎಂದ ಮಾತ್ರಕ್ಕೆ 1876 ಎಂದು ಬರೆದುಕೊಂಡರೆ, ಅದು 1936 ಆಗಿದ್ದಲ್ಲಿ, ಎರಡು ತಲೆಮಾರಿನ ಲೆಕ್ಕ ತಪ್ಪುತ್ತದೆ. ಆಗ ಯಾರು ಬದುಕಿದ್ದರು, ದೊಡ್ಡ ಮಗನಿಗೆ ಎಷ್ಟು ವಯಸ್ಸು ಎಂದು ಒರೆಗೆ ಹಚ್ಚಿ ನೋಡುವುದು ಅವಶ್ಯಕ.

ಒಬ್ಬರ ಹೇಳಿಕೆಯನ್ನೇ ನಂಬುವುದೂ ಸಲ್ಲ. ಅಮೆರಿಕೆಯ ಅಲೆಕ್ಸ್ ಹೇಲಿಯು ತನ್ನ ಪೂರ್ವಜನ ಕಥೆಯನ್ನು ಆಫ್ರಿಕೆಯ ಗ್ಯಾಂಬಿಯಾದ ವಂಶಗಾಯಕನೊಬ್ಬನ ಬಾಯಿಂದ ಕೇಳಿ 1976ರಲ್ಲಿ 'ರೂಟ್ಸ್' ಎಂಬ ಗ್ರಂಥವನ್ನು ಪ್ರಕಟಿಸಿದಾಗ ಲೋಕವೆಲ್ಲ ಬೆರಗಾಯಿತು. ಅನಂತರ ಇತಿಹಾಸಕಾರರು ಆ ಹೇಳಿಕೆಯನ್ನು ದಾಖಲೆಗಳೊಡನೆ ತೂಗಿ ನೋಡಿ ಬಲವಾದ ಸಂಶಯ ವ್ಯಕ್ತಪಡಿಸಿದರು. ನಮ್ಮ ವಂಶಾವಳಿಗಳಲ್ಲಿಯೂ ಹಿರಿಮೆಯ ಮಾತು ಬೇಗ ನುಸುಳುತ್ತದೆ. ಯಾರನ್ನು ಕೇಳಿದರೂ ಅರಮನೆಯ ಸಂಬಂಧವೇ ಹೊರಡುತ್ತದೆ. ಜೀತಕ್ಕಿದ್ದವರು, ಸಾಲಕ್ಕೆ ಹೊಲ ಕಳೆದುಕೊಂಡವರು ಯಾರ ಅಜ್ಜಂದಿರೋ ತಿಳಿಯದು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟರು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ತಮ್ಮದನ್ನು 'ಗಾಂಧಿ ಕ್ಲಾಸು' ಎಂದು ಕರೆದರು. ಕೀಳೆಂದು ಜನ ಅಡಗಿಸುವುದನ್ನು ಹೆಸರಿನಲ್ಲೇ ಎತ್ತಿ ಹೇಳಿದ ಈ ಇಬ್ಬರೂ ನಮ್ಮ ಸೀಮೆಯವರೇ ಎಂಬುದು ನಮಗೆ ಹೆಮ್ಮೆ.

ಈಗ ಪ್ರತಿಯೊಬ್ಬರ ಕಿಸೆಯಲ್ಲಿಯೂ ಧ್ವನಿ ಹಿಡಿಯುವ ಫೋನಿದೆ. ಅಜ್ಜನ ಮಾತನ್ನು ಹಿಡಿದಿಟ್ಟವರು ಅದನ್ನು ಕಾಗದಕ್ಕೂ ಇಳಿಸುವುದು ಲೇಸು. ಫೋನು ಎರಡು ಮೂರು ವರ್ಷಕ್ಕೆ ಬದಲಾಗುತ್ತದೆ, ಕಾಗದ ಹಾಗಲ್ಲ. ಮದುವೆಯ ಹಳೆಯ ಪಟಗಳ ಹಿಂದೆ, ಎಡದಿಂದ ಬಲಕ್ಕೆ ನಿಂತವರ ಹೆಸರನ್ನು ಸೀಸದಕಡ್ಡಿಯಿಂದ ಮೆಲ್ಲಗೆ ಬರೆದಿಡಬೇಕು. ಶಾಯಿಯು ಮುಂಭಾಗಕ್ಕೆ ಇಳಿದು ಮುಖಗಳನ್ನು ಕೆಡಿಸುತ್ತದೆ. ಹೆಸರು ಹೇಳಬಲ್ಲವರು ಮನೆಯಲ್ಲಿರುವಾಗಲೇ, ಬರುವ ಹಬ್ಬಕ್ಕೆ ಎಲ್ಲರೂ ಕೂಡಿದ ದಿನವೇ, ಆ ಪಟಗಳನ್ನು ಗೋಡೆಯಿಂದ ಇಳಿಸಿ ಅವರ ಮುಂದೆ ಇಡಬೇಕು.