ಕಚೇರಿ ಮನೆಗೆ ಮರಳಿದ ಬಗೆ

1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿಬಂದರಿನಿಂದ ಹೊರಟ 14 ಡಬ್ಬಿಗಳ ರೈಲು 21 ಮೈಲಿ ಸಾಗಿ ಠಾಣೆಯನ್ನು ತಲುಪಿತು. ಭಾರತದ ರೈಲುಯುಗ ಅಂದು ಆರಂಭವಾಯಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಠಾಣೆಯವರು ಇದನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಡೊಂಬಿವಲಿಯವರಿಗೆ ಹೆಮ್ಮೆಪಡಲು ಪುರಸೊತ್ತಿಲ್ಲ, ಅವರು ಗಾಡಿ ಹಿಡಿಯಬೇಕು. ಆದರೆ ಆ ಮಧ್ಯಾಹ್ನ ಇನ್ನೊಂದು ಸಂಗತಿಯೂ ಆರಂಭವಾಯಿತು. ಒಂದೂರಿನಲ್ಲಿ ಮಲಗಿ ಎದ್ದು, ಇನ್ನೊಂದೂರಿನಲ್ಲಿ ದುಡಿದು, ರಾತ್ರಿಗೆ ಮೊದಲನೆಯ ಊರಿಗೇ ಮರಳುವ ಬದುಕು ಸಾಧ್ಯವಾಯಿತು. ಮರುವರ್ಷ, 1854ರಲ್ಲಿ, ಹಳಿ ಕಲ್ಯಾಣವನ್ನು ಮುಟ್ಟಿತು. ಅಲ್ಲಿಂದ ಮುಂದಿನ ಒಂದೂವರೆ ಶತಮಾನದಲ್ಲಿ ಮನೆಗೂ ಕಚೇರಿಗೂ ನಡುವಿನ ಅಂತರ ಬೆಳೆಯುತ್ತಲೇ ಹೋಯಿತು. ಇಂದು ಕಲ್ಯಾಣದಿಂದ ಮುಂಬಯಿ ಕೋಟೆ ಪ್ರದೇಶಕ್ಕೆ ಹೋಗುವವನು ದಿನಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿ ಪ್ರಯಾಣ ಮಾಡುತ್ತಾನೆ. ಆ ಪ್ರಯಾಣಕ್ಕೆ ಸಂಬಳವಿಲ್ಲ.

ಕಳೆದ ಐದಾರು ವರ್ಷಗಳಲ್ಲಿ 'ವರ್ಕ್ ಫ್ರಮ್ ಹೋಮ್' ಎಂಬ ಮಾತು ನಮ್ಮ ಮನೆಗಳಲ್ಲಿ ಕನ್ನಡದ್ದೇ ಎಂಬಷ್ಟು ಬಳಕೆಯಾಗಿದೆ. ಅದನ್ನು ಹೊಸದೆಂದು ಬಗೆಯುವವರೇ ಹೆಚ್ಚು. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಹೊಸದಾದದ್ದು ಕಚೇರಿಗೆ ಹೋಗುವ ಪದ್ಧತಿಯೇ ಹೊರತು ಮನೆಯಲ್ಲಿ ಕುಳಿತು ದುಡಿಯುವುದಲ್ಲ. ಹಳೆಯ ಮೈಸೂರು ಸೀಮೆಯ ಶಾನುಭೋಗರ ಮನೆಯ ಜಗಲಿಯೇ ಅವರ ಕಚೇರಿಯಾಗಿತ್ತು. ಊರಿನ ಜಮೀನಿನ ಲೆಕ್ಕವೆಲ್ಲ ಅಲ್ಲೇ ಇರುತ್ತಿತ್ತು. ಸರ್ಕಾರ ಅವರನ್ನು ದಿನವೂ ನೋಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕವನ್ನು ಒರೆಗೆ ಹಚ್ಚುತ್ತಿತ್ತು. ದೂರದಲ್ಲಿರುವ ನೌಕರನನ್ನು ಹದ್ದಿನಲ್ಲಿಡಲು ಪ್ರಭುತ್ವ ಕಂಡುಕೊಂಡ ಉಪಾಯ ಅದು. ಉಪಾಯ ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ಶಾನುಭೋಗರ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಉಳಿದಿರುವ ಗಾದೆಗಳಿಂದ ಊಹಿಸಬಹುದು.

ಮುಂಬಯಿಗೆ ಬಂದ ನಮ್ಮವರ ಪಾಲಿಗೆ ಇದು ತಿರುವುಮುರುವಾಗಿತ್ತು. ಉಡುಪಿ ಹೋಟೆಲುಗಳಲ್ಲಿ ಪಾತ್ರೆ ತೊಳೆದು, ಮೇಜು ಒರೆಸಿ ಬಾಳಿದ ಹುಡುಗರು ಕೆಲಸವನ್ನು ಮನೆಗೆ ಒಯ್ದವರಲ್ಲ, ಕೆಲಸದ ಜಾಗದಲ್ಲೇ ಮಲಗಿದವರು. ರಾತ್ರಿ ಗಿರಾಕಿಗಳು ಹೋದ ಮೇಲೆ ಅದೇ ಮೇಜುಗಳು ಅವರ ಹಾಸಿಗೆ. ಅವರನ್ನು ಊರಿಗೆ ಕಟ್ಟಿಹಾಕಿದ್ದು ಮನಿಯಾರ್ಡರು. ಈ ನಗರಕ್ಕೆ ಕಟ್ಟಿಹಾಕಿದ್ದು ಕನ್ನಡದ ರಾತ್ರಿಶಾಲೆಗಳು. ಹಗಲೆಲ್ಲ ದುಡಿದು ರಾತ್ರಿ ಅಕ್ಷರ ಕಲಿತವರ ಒಂದು ಪೀಳಿಗೆಯೇ ಮುಂದೆ ಬ್ಯಾಂಕು, ಕಂಪನಿ, ಕಚೇರಿಗಳನ್ನು ಸೇರಿತು. ಸ್ವಂತ ಸೂರು ಬೇಕೆನಿಸಿದಾಗ ಅವರು ಹಳಿಗುಂಟ ಠಾಣೆ, ಡೊಂಬಿವಲಿ, ಕಲ್ಯಾಣಗಳತ್ತ ಸರಿದರು. ದುಡಿಮೆಯ ಜಾಗದಿಂದ ಹೊರಬಿದ್ದು ಮನೆಯೆಂಬುದನ್ನು ಪಡೆದುದರ ಬೆಲೆಯನ್ನು ಅವರು ಲೋಕಲ್ ಗಾಡಿಯಲ್ಲಿ ತೆತ್ತರು.

ಇದೇ ಹುಡುಗರ ತಾಯಂದಿರೂ ಅಕ್ಕತಂಗಿಯರೂ ಊರಿನಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿಕೊಂಡರೆ ನಮ್ಮ ವಿಷಯದ ಹೃದಯಕ್ಕೇ ಬರುತ್ತೇವೆ. ದಕ್ಷಿಣ ಕನ್ನಡದಲ್ಲಿ, ಕಾಸರಗೋಡಿನಲ್ಲಿ ಅವರು ಬೀಡಿ ಕಟ್ಟುತ್ತಿದ್ದರು. ಗುತ್ತಿಗೆದಾರನಿಂದ ಎಲೆ, ಹೊಗೆಸೊಪ್ಪು, ನೂಲು ತೂಕ ಮಾಡಿಸಿಕೊಂಡು ಮನೆಗೆ ತರುವುದು, ಮಡಿಲಲ್ಲಿ ಮೊರವಿಟ್ಟುಕೊಂಡು ಅಡುಗೆಯ ನಡುವೆ, ಮಗುವನ್ನು ಮಲಗಿಸುವ ನಡುವೆ ಕಟ್ಟುವುದು, ಕಟ್ಟುಗಳನ್ನು ಹಿಂದಿರುಗಿಸುವುದು. ಎಣಿಕೆಯ ಮೇಲೆ ಕೂಲಿ. ಸರಿಯಿಲ್ಲವೆಂದು ಗುತ್ತಿಗೆದಾರ ಬದಿಗೆಸೆದ ಬೀಡಿಗೆ ಕೂಲಿಯಿಲ್ಲ. ಕರ್ನಾಟಕದ ಕರಾವಳಿ ಕಂಡ ಅತಿ ದೊಡ್ಡ 'ಮನೆಯಿಂದಲೇ ಕೆಲಸ' ಇದೇ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ಲ್ಯಾಪ್‌ಟಾಪಿನ ಮುಂದೆ ಕುಳಿತವರ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಹೆಂಗಸರ ಪ್ರಸ್ತಾಪವೇ ಬಾರದಿರುವುದು ನಮಗೆ ಆಶ್ಚರ್ಯದ ಸಂಗತಿ.

ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳು ನೌಕರಳೇ? ಈ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಗೆಲಸದವರನ್ನೂ ಕಾರ್ಮಿಕರೆಂದೇ ಪರಿಗಣಿಸಿತು. ಮಾಲೀಕರು ಅದನ್ನು ಪ್ರಶ್ನಿಸಿದರು; ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಿಂದಲೇ ಪ್ರಸಿದ್ಧವಾದ ಪ್ರಕರಣದಲ್ಲಿ 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಭವಿಷ್ಯನಿಧಿಯ ಪ್ರಶ್ನೆ ಬಂದಾಗ ಮಾಲೀಕರ ವಾದ ಮತ್ತೆ ಎದ್ದಿತು: ಅವಳ ಮನೆಯಲ್ಲಿ ನಮ್ಮ ಮೇಲ್ವಿಚಾರಣೆ ಇಲ್ಲ, ಅವಳು ಯಾವಾಗ ಕೂರುತ್ತಾಳೋ ಏಳುತ್ತಾಳೋ ನಮಗೆ ತಿಳಿಯದು, ಅವಳು ನಮ್ಮ ನೌಕರಳು ಹೇಗಾದಾಳು? 1985ರಲ್ಲಿ ಪಿ. ಎಂ. ಪಟೇಲ್ ಪ್ರಕರಣದಲ್ಲಿ ಕೋರ್ಟು ಕೊಟ್ಟ ಉತ್ತರ ಇಂದಿನ ಕಂಪನಿಗಳೂ ಓದಿಕೊಳ್ಳತಕ್ಕಂಥದು. ಪಕ್ಕದಲ್ಲಿ ನಿಂತು ನೋಡಬೇಕೆಂದಿಲ್ಲ; ಮಾಡಿದ ಕೆಲಸವನ್ನು ಪರೀಕ್ಷಿಸಿ ತಿರಸ್ಕರಿಸುವ ಹಕ್ಕು ಇದ್ದರೆ ಅದೇ ಮೇಲ್ವಿಚಾರಣೆ; ಆಕೆ ಭವಿಷ್ಯನಿಧಿಗೆ ಅರ್ಹಳು. ದೂರದಲ್ಲಿ ಕುಳಿತ ಮಾತ್ರಕ್ಕೆ ಸಂಬಂಧ ಕಡಿಯದು ಎಂಬುದನ್ನು ಕಂಪ್ಯೂಟರು ನಮ್ಮ ಮನೆಗಳಿಗೆ ಬರುವ ಎಷ್ಟೋ ಮುಂಚೆ ಬೀಡಿಯ ಮೊರ ಇತ್ಯರ್ಥಪಡಿಸಿತ್ತು.

ಇದಕ್ಕೆ ಇನ್ನೊಂದು ಮುಖವಿದೆ. ಕೇರಳ ಸರ್ಕಾರ ಆ ಕಾಯಿದೆಯನ್ನು ಜಾರಿಗೆ ತರಲು ಹೊರಟಾಗ ಕಣ್ಣೂರಿನ ಕಡೆಯಲ್ಲಿ ಬೀಡಿ ಚಾವಡಿಗಳನ್ನು ನಡೆಸುತ್ತಿದ್ದ ಮಂಗಳೂರಿನ ಮಾಲೀಕರು 1968ರಲ್ಲಿ ಅವುಗಳಿಗೆ ಬೀಗ ಹಾಕಿದರು. ಬೀದಿಗೆ ಬಿದ್ದವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಆ ಚಾವಡಿಗಳಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ. ಉಳಿದವರು ಕೇಳುತ್ತಾ ಕೈ ಆಡಿಸುತ್ತಿದ್ದರು, ಓದುವವನ ಪಾಲಿನ ಬೀಡಿಯನ್ನೂ ತಾವೇ ಕಟ್ಟಿಕೊಡುತ್ತಿದ್ದರು. ಜಗತ್ತಿನ ಸುದ್ದಿ, ರಾಜಕೀಯ, ಕಾದಂಬರಿ ಎಲ್ಲವೂ ಹೊಗೆಸೊಪ್ಪಿನ ಘಾಟಿನ ನಡುವೆ ಕಿವಿಗೆ ಬೀಳುತ್ತಿದ್ದವು. ಒಂಟಿಯಾಗಿ ಮನೆಯಲ್ಲಿ ಕಟ್ಟುವವಳಿಗೆ ಈ ಭಾಗ್ಯ ಇರಲಿಲ್ಲ. ಕಾನೂನು ಅವಳಿಗೆ ಭವಿಷ್ಯನಿಧಿಯನ್ನು ಕೊಡಿಸಿತು, ಪತ್ರಿಕೆ ಓದುವವನನ್ನು ಕೊಡಿಸಲಿಲ್ಲ.

ಒಂಟಿತನದ ಈ ಕೊರತೆಯನ್ನು ಮುಂಬಯಿಯ ಏಳು ಮಂದಿ ಗೃಹಿಣಿಯರು ಬಗೆಹರಿಸಿದ ಕ್ರಮ ನಮಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು. 1959ರ ಮಾರ್ಚ್ 15ರಂದು ಗಿರ್ಗಾಂವಿನ ಒಂದು ಕಟ್ಟಡದ ತಾರಸಿಯಲ್ಲಿ ಜಸವಂತಿಬೆನ್ ಪೋಪಟ್ ಮತ್ತು ಅವರ ಆರು ಗೆಳತಿಯರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಅದೇ ಇಂದಿನ ಲಿಜ್ಜತ್ ಪಾಪಡ್. ಸದಸ್ಯೆಯರ ಸಂಖ್ಯೆ 40,000ವನ್ನು ದಾಟಿದೆ. ಪದ್ಧತಿ ಸರಳ: ಬೆಳಗ್ಗೆ ಶಾಖೆಗೆ ಬಂದು ನಿನ್ನೆಯ ಹಪ್ಪಳ ಒಪ್ಪಿಸಿ, ಕೂಲಿ ಪಡೆದು, ಕಲಸಿದ ಹೊಸ ಹಿಟ್ಟನ್ನು ಮನೆಗೆ ಒಯ್ಯುವುದು, ಲಟ್ಟಿಸಿ ಒಣಗಿಸಿ ಮರುದಿನ ತರುವುದು. ಬೀಡಿಯದೇ ಚಕ್ರ ಅಲ್ಲವೇ ಎನಿಸಬಹುದು. ಆದರೆ ನಡುವೆ ಗುತ್ತಿಗೆದಾರನಿಲ್ಲ. ಲಟ್ಟಿಸುವವಳು, ಹಿಟ್ಟು ಕಲಸುವವಳು, ಲೆಕ್ಕ ಬರೆಯುವವಳು ಎಲ್ಲರೂ ಪರಸ್ಪರ 'ಬೆಹೆನ್', ಎಲ್ಲರೂ ಒಡತಿಯರು, ಲಾಭ ಹಂಚಿಕೆಯಾಗುತ್ತದೆ. ಆಡಳಿತ ಮಂಡಳಿಯ 21 ಮಂದಿಯೂ ಸದಸ್ಯೆಯರ ನಡುವಿನಿಂದಲೇ ಬರಬೇಕು. ಸಂಸ್ಥೆಯವರು ಮನೆಗೆ ಬಂದು ಶುಚಿತ್ವವನ್ನು ನೋಡುವುದೂ ಉಂಟು, ಆದರೆ ಬರುವವಳೂ ಬೆಹೆನ್‌ಳೇ. ದಿನಕ್ಕೊಮ್ಮೆ ಮುಖ ನೋಡುವುದು, ಅಂದಿನ ಕೂಲಿ ಅಂದೇ ಕೈಸೇರುವುದು, ಲಾಭದಲ್ಲಿ ಪಾಲಿರುವುದು. ದೂರದ ನೌಕರರ ಮನಸ್ಸನ್ನು ಹಿಡಿದಿಡುವುದು ಹೇಗೆಂದು ಪಂಚತಾರಾ ಹೋಟೆಲುಗಳಲ್ಲಿ ಸಭೆ ನಡೆಸುವವರು ಗಿರ್ಗಾಂವಿನ ತಾರಸಿಯವರೆಗೆ ಹೋಗಿಬಂದರೆ ಖರ್ಚು ಕಡಿಮೆಯಾದೀತು.

ಹೊರದೇಶದಲ್ಲಿ ಇದಕ್ಕೆ ಸಮಾನವಾದ ಒಂದು ಸಾಹಸ 1962ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಸ್ಟೆಫನಿ ಶರ್ಲಿ ಎಂಬಾಕೆ 6 ಪೌಂಡು ಬಂಡವಾಳದಲ್ಲಿ, ಮದುವೆ-ಮಕ್ಕಳೆಂದು ಕೆಲಸ ಬಿಟ್ಟ ಹೆಂಗಸರಿಂದ ಅವರವರ ಮನೆಯಲ್ಲೇ ಕಂಪ್ಯೂಟರ್ ಪ್ರೋಗ್ರಾಂ ಬರೆಯಿಸುವ ಕಂಪನಿ ತೆರೆದಳು. ಹೆಣ್ಣಿನ ಹೆಸರಿನ ಪತ್ರಗಳಿಗೆ ಉತ್ತರ ಬಾರದಾಗ 'ಸ್ಟೀವ್' ಎಂದು ಸಹಿ ಹಾಕಿದಳು. ಫೋನಿನಲ್ಲಿ ಮಗುವಿನ ಅಳು ಕೇಳದಿರಲೆಂದು ಟೈಪ್‌ರೈಟರಿನ ಸದ್ದಿನ ಟೇಪು ಹಾಕಿಡುತ್ತಿದ್ದಳು. ಮೊದಲ 300 ನೌಕರರಲ್ಲಿ 297 ಮಂದಿ ಹೆಂಗಸರು. ಕಾಂಕಾರ್ಡ್ ವಿಮಾನದ ಕಪ್ಪು ಪೆಟ್ಟಿಗೆಯ ಪ್ರೋಗ್ರಾಂ ಬರೆದವರು ಅವರು. ಮುಂದೆ ಆಕೆ ಕಂಪನಿಯ ಪಾಲನ್ನು ನೌಕರರಿಗೆ ಹಂಚಿದಾಗ 70 ಮಂದಿ ಲಕ್ಷಾಧೀಶೆಯರಾದರು, ಅದೂ ಪೌಂಡಿನ ಲೆಕ್ಕದಲ್ಲಿ. ಲಿಜ್ಜತ್ತಿನ ಒಡತಿಯರಿಗೂ ಈಕೆಗೂ ಪರಸ್ಪರ ಪರಿಚಯವಿರಲಿಲ್ಲ, ಆದರೂ ಎರಡೂ ಕಡೆ ಬಂಧ ಒಂದೇ ಬಗೆಯದು.

1973ರಲ್ಲಿ ಅಮೆರಿಕದ ಜ್ಯಾಕ್ ನಿಲ್ಸ್ ಈ ಪದ್ಧತಿಗೆ 'ಟೆಲಿಕಮ್ಯೂಟಿಂಗ್' ಎಂದು ಹೆಸರಿಟ್ಟರು. ಅವರ ಮೊದಲ ಪ್ರಯೋಗದಲ್ಲಿ ನೌಕರರು ಕೂತದ್ದು ಮನೆಯಲ್ಲಲ್ಲ, ಮನೆಗೆ ಹತ್ತಿರದ ಸಣ್ಣ ಕಚೇರಿಗಳಲ್ಲಿ. ನವಿಮುಂಬಯಿಯ ಮೂಲ ಕಲ್ಪನೆಯೂ ಇದಕ್ಕಿಂತ ಬಹಳ ದೂರದ್ದಲ್ಲ. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರೂ ಕೊಲ್ಲಿಯಾಚೆ ಹೊಸ ನಗರ ಕಟ್ಟಿ, ಕೆಲಸವನ್ನೇ ಅಲ್ಲಿಗೆ ಒಯ್ಯಬೇಕೆಂದು ಸೂಚಿಸಿದರು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಯಿತು. ಸಗಟು ಮಾರುಕಟ್ಟೆ ವಾಶಿಗೆ ಬಂತು. ಮಂತ್ರಾಲಯ ಮಾತ್ರ ನರಿಮನ್ ಪಾಯಿಂಟಿನಿಂದ ಕದಲಲಿಲ್ಲ. 1992ರಲ್ಲಿ ವಾಶಿಗೆ ಲೋಕಲ್ ಗಾಡಿ ಬಂದಾಗ ಹೊಸ ನಗರದವರೂ ಹಳೆಯ ನಗರಕ್ಕೆ ದುಡಿಯಹೋದರು. ಕೆಲಸ ಮನೆಯ ಬಳಿಗೆ ಬರಲೆಂದು ಕಟ್ಟಿದ ಊರಿಗೆ ರೈಲು ಬಂದು, ಮನೆಯವರನ್ನೇ ಕೆಲಸದ ಬಳಿಗೆ ಒಯ್ದಿತು. ಐರೋಲಿ, ಘನ್ಸೋಲಿಗಳ ಗಾಜಿನ ಕಟ್ಟಡಗಳು ಎದ್ದದ್ದು ಇನ್ನೂ ಬಹಳ ತಡವಾಗಿ.

ಆ ಮೇಲೆ 2020ರ ಮಾರ್ಚ್ ಬಂತು. ಮಾರ್ಚ್ 23ರಿಂದ ಲೋಕಲ್ ಗಾಡಿಗಳು ನಿಂತವು. ಯುದ್ಧ, ಮುಷ್ಕರ, ಮಳೆ ಯಾವುದರಿಂದಲೂ ಅಷ್ಟು ದೀರ್ಘಕಾಲ ನಿಲ್ಲದ ಹಳಿಗಳು ತುಕ್ಕು ಹಿಡಿದವು. ಅಗತ್ಯಸೇವೆಯವರಿಗೆ ಜೂನ್ 15ರಂದು ಗಾಡಿ ಹೊರಟರೂ ಸಾಮಾನ್ಯ ಪ್ರಯಾಣಿಕರು 2021ರ ಫೆಬ್ರವರಿ 1ರವರೆಗೆ, ಆಗಲೂ ಗೊತ್ತುಪಡಿಸಿದ ವೇಳೆಗೆ ಮಾತ್ರ, ಕಾಯಬೇಕಾಯಿತು. ಕಾಲ್ ಸೆಂಟರಿನವರು ಮನೆಯಿಂದ ಕೆಲಸ ಮಾಡಬೇಕಾದರೆ ದೂರಸಂಪರ್ಕ ಇಲಾಖೆಗೆ ಭಾರೀ ಠೇವಣಿ ಇಡಬೇಕೆಂಬ ಕಟ್ಟಳೆ ಅಲ್ಲಿಯವರೆಗೂ ಇತ್ತು. ಮಾರ್ಚ್ 13ರಂದು ಅದು ಸಡಿಲವಾಯಿತು, ನವೆಂಬರಿನಲ್ಲಿ ಬಹುಪಾಲು ಕಟ್ಟಳೆಗಳೇ ಹೋದವು. ವರ್ಷಾನುಗಟ್ಟಲೆ ಅಸಾಧ್ಯವೆಂದು ಹೇಳಿದ್ದು ಒಂದೆರಡು ವಾರದಲ್ಲಿ ಸಾಧ್ಯವಾಯಿತು. 2025ರ ಹೊತ್ತಿಗೆ ನಾಲ್ಕರಲ್ಲಿ ಒಂದು ಪಾಲು ನೌಕರರು ಮಾತ್ರ ಕಚೇರಿಗೆ ಬಂದರೆ ಸಾಕೆಂದು ಟಿಸಿಎಸ್ ಆಗ ಸಾರಿತ್ತು. 2023ರ ಅಕ್ಟೋಬರಿನಿಂದ ಅದೇ ಕಂಪನಿ ವಾರದ ಐದೂ ದಿನ ಬನ್ನಿ ಎಂದಿತು.

ನಡುವಿನ ಆ ಎರಡು ಮೂರು ವರ್ಷ ನಮ್ಮ ಬಡಾವಣೆಗಳಲ್ಲಿ ಏನಾಯಿತೆಂಬುದು ಚರಿತ್ರೆಕಾರರು ಬರೆದಿಡಬೇಕಾದ ಸಂಗತಿ. ದಿನಕ್ಕೆ ಮೂರು ತಾಸು ಉಳಿದವು. ಡೊಂಬಿವಲಿಯ ತಂದೆಯರು ಮಕ್ಕಳು ಎಚ್ಚರವಿರುವಾಗ ಅವರನ್ನು ಕಂಡರು. ಮನೆ ಬಾಡಿಗೆಯ ಭಾರ ತಾಳದೆ ಕೆಲವರು ಕುಂದಾಪುರ, ಶಿರಸಿ, ಧಾರವಾಡಗಳಿಂದಲೇ ಐರೋಲಿಯ ಕೆಲಸ ಮಾಡಿದರು. ತೀರಿಕೊಳ್ಳುವ ಮುಂಚೆ ತಂದೆತಾಯಿಯರೊಡನೆ ಒಂದಿಷ್ಟು ತಿಂಗಳು ಕಳೆದವರಿದ್ದಾರೆ. ಕನ್ನಡ ಸಂಘಗಳ ಸಭೆಗಳು ಪರದೆಯ ಮೇಲೆ ನಡೆದವು, ದುಬೈಯವರೂ ಬೆಂಗಳೂರಿನವರೂ ಕೇಳುಗರಾದರು. ಇನ್ನೊಂದು ಕಡೆ, ಎರಡು ಕೋಣೆಯ ಮನೆಯಲ್ಲಿ ಒಬ್ಬನ ಸಭೆ, ಒಬ್ಬಳ ಸಭೆ, ಮಗುವಿನ ತರಗತಿ ಒಟ್ಟಿಗೆ ನಡೆಯಬೇಕಾದಾಗ ಅಡುಗೆಮನೆಗೆ ಸರಿದದ್ದು ಯಾರೆಂದು ಬೇರೆ ಹೇಳಬೇಕಿಲ್ಲ. ಮನೆಯಿಂದಲೇ ಕೆಲಸಕ್ಕೆ ಸೇರಿದ ಹೊಸಬರು ತಮ್ಮ ಮೇಲಧಿಕಾರಿಯ ಮುಖವನ್ನು ವರ್ಷವಾದರೂ ನೋಡಲಿಲ್ಲ. ಬೆಳಗಿನ ಗಾಡಿಯಲ್ಲಿ ನಿತ್ಯ ಕೂಡುತ್ತಿದ್ದ ಗುಂಪುಗಳು ಚದುರಿದವು. ಭಜನೆ ಮಾಡುತ್ತಿದ್ದವರು, ಇಸ್ಪೀಟು ಆಡುತ್ತಿದ್ದವರು, ನಿಂತೇ ಪುಸ್ತಕ ಓದುತ್ತಿದ್ದವರು.

ಶಾಂಘೈಯ ಸಿಟ್ರಿಪ್ ಕಂಪನಿಯಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2010-11ರಲ್ಲಿ ನಡೆಸಿದ ಒಂಬತ್ತು ತಿಂಗಳ ಪ್ರಯೋಗ ಇದನ್ನೇ ಅಂಕಿಗಳಲ್ಲಿ ತೋರಿಸಿತ್ತು. ಮನೆಯಲ್ಲಿ ಕುಳಿತವರ ಕೆಲಸ ಶೇ. 13ರಷ್ಟು ಹೆಚ್ಚಿತು, ಕೆಲಸ ಬಿಟ್ಟುಹೋಗುವವರು ಅರ್ಧಕ್ಕರ್ಧ ತಗ್ಗಿದರು. ಆದರೆ ಅಷ್ಟೇ ಚೆನ್ನಾಗಿ ದುಡಿದರೂ ಬಡ್ತಿ ಸಿಗುವ ಸಂಭವ ಅವರಿಗೆ ಕಡಿಮೆಯಾಯಿತು, ಪ್ರಯೋಗ ಮುಗಿದಾಗ ಸುಮಾರು ಅರ್ಧದಷ್ಟು ಮಂದಿ ಕಚೇರಿಗೇ ಮರಳಿದರು. ಒಂಟಿತನವೇ ಮುಖ್ಯ ಕಾರಣವಾಗಿತ್ತು. ಅದೇ ಕಂಪನಿಯ ಇನ್ನೊಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು: ವಾರಕ್ಕೆ ಎರಡು ದಿನ ಮನೆ, ಮೂರು ದಿನ ಕಚೇರಿ ಎಂದಾಗ ರಾಜೀನಾಮೆಗಳು ಮೂರನೇ ಒಂದರಷ್ಟು ಇಳಿದವು, ಬಡ್ತಿಗೆ ಕುತ್ತು ಬರಲಿಲ್ಲ. ಲಿಜ್ಜತ್ತಿನ ಹೆಂಗಸರು ದಿನಕ್ಕೊಮ್ಮೆ ಶಾಖೆಗೆ ಬಂದು ಹೋಗುವುದರ ಮರ್ಮ ಇಲ್ಲಿಯೂ ಕಾಣುತ್ತದೆ. ಕಂಪ್ಯೂಟರಿನ ಇಲಿ ಅಲುಗಾಡುತ್ತಿದೆಯೇ ಎಂದು ನಿಮಿಷ ನಿಮಿಷಕ್ಕೆ ಎಣಿಸುವ ತಂತ್ರಾಂಶಗಳನ್ನು ಕೊಂಡ ಕಂಪನಿಗಳು ಗುತ್ತಿಗೆದಾರನ ದಾರಿ ಹಿಡಿದವು. ಅಲ್ಲಿ ತಿರಸ್ಕರಿಸುವ ಹಕ್ಕಿದೆ, ಪಾಲಿಲ್ಲ.

ಈಗ ಗಾಡಿಗಳು ಮತ್ತೆ ತುಂಬಿವೆ. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರಾಗಿ ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತಾಡುತ್ತಿದ್ದ ಪ್ರಯಾಣಿಕರು ಹಳಿಗೆ ಬಿದ್ದರು. ನಾಲ್ವರು ಅಂದೇ ಸತ್ತರು. ಕಲ್ಯಾಣ, ಡೊಂಬಿವಲಿಯಿಂದ ಬರುವ ಪ್ರತಿಯೊಂದು ಗಾಡಿಯೂ ಆ ಊರನ್ನು ದಾಟಿಯೇ ಬರಬೇಕು. ಆ ಬಳಿಕ ಮಧ್ಯ ರೈಲ್ವೆಯವರು ಮುಂಬಯಿಯ ನೂರಾರು ಸಂಸ್ಥೆಗಳಿಗೆ ಪತ್ರ ಬರೆದು, ನೌಕರರೆಲ್ಲ ಒಂದೇ ವೇಳೆಗೆ ಬರುವಂತೆ ಮಾಡಬೇಡಿರೆಂದು ಕೋರಿದರು. ಮನೆಯಿಂದ ಕೆಲಸ ಕೊಡಿ ಎಂದು ಕೇಳಿರಲಿಲ್ಲ. ಕಚೇರಿಯ ಹೊತ್ತನ್ನು ಸ್ವಲ್ಪ ಹಿಂದುಮುಂದು ಮಾಡಿ ಎಂದಷ್ಟೇ ಕೇಳಿದ್ದರು.