ಜಾಮೀನು ನಿಂತವನು ಗಡಿ ದಾಟಿ ಹೋಗಿ ಹಿಡಿದು ತರಬಹುದಾ?

ಕೆಲವು ತಿಂಗಳ ಹಿಂದೆ, ರಾತ್ರಿ ಹನ್ನೊಂದರ ಹೊತ್ತಿಗೆ ನನಗೊಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದವನು ದೊಡ್ಡಉಳ್ಳಾರ್ತಿಯ ಹುಡುಗ, ನಮ್ಮ ಕೇಳುಗ. ಅವನು ಹೇಳಿದ್ದು ಇಷ್ಟು: "ಅಣ್ಣಾ, ನಮ್ ಅತ್ತೆ ಮಗನಿಗೆ ನಮ್ಮಪ್ಪ ಚಳ್ಳಕೆರೆ ಕೋರ್ಟಲ್ಲಿ ಜಾಮೀನು ನಿಂತಿದ್ರು. ಎರಡು ವಾಯಿದೆಯಿಂದ ಅವನು ಬಂದಿಲ್ಲ. ಈಗ ಅಪ್ಪನ ಹೆಸರಿಗೆ ನೋಟಿಸ್ ಬಂದೈತೆ. ಪಹಣಿ ಬೇರೆ ಕೊಟ್ಟವ್ರೆ. ಅವನು ರಾಯದುರ್ಗದ ಹತ್ರ ಅವ್ನೆ ಅಂತ ಗೊತ್ತೈತೆ. ನಾವೊಂದು ನಾಲ್ಕು ಜನ ಗಾಡಿ ಮಾಡ್ಕೊಂಡು ಹೋಗಿ, ಎತ್ತಾಕ್ಕೊಂಡ್ ಬಂದು ಕೋರ್ಟ್ ಮುಂದೆ ಇಳಿಸಿದ್ರೆ ತಪ್ಪಾ?"

ಅಪ್ಪನಿಗೆ ಇರೋದೇ ಎರಡು ಎಕರೆ ಶೇಂಗಾ ಹೊಲ. ಅದರ ಪಹಣಿಯೇ ಕೋರ್ಟಿನ ಫೈಲಲ್ಲಿದೆ. ಹುಡುಗನ ದನಿಯಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ ಇತ್ತು.

ನಾನು ವಕೀಲ ಅಲ್ಲ, ಚರಿತ್ರೆ ಓದೋನು. ಆದರೆ ಅವನ ಪ್ರಶ್ನೆಯ ಹಿಂದೆ ನಮ್ಮ ಗಡಿಯ ನೂರೈವತ್ತು ವರ್ಷದ ಕಥೆ ಇದೆ. "ಸದ್ಯಕ್ಕೆ ಗಾಡಿ ಹತ್ತಬೇಡ, ಬೆಳಿಗ್ಗೆ ಫೋನ್ ಮಾಡು" ಅಂತ ಅವನಿಗೆ ಅವತ್ತೇ ಹೇಳಿದೆ. ಯಾಕೆ ಹಾಗೆ ಹೇಳಿದೆ ಅನ್ನೋದೇ ಇವತ್ತಿನ ಸಂಚಿಕೆ.

ಮೊದಲು ಮಾತಿನಿಂದಲೇ ಶುರು ಮಾಡೋಣ. ಜಾಮೀನು ಅನ್ನೋದು ಅರಬ್ಬೀ-ಪಾರಸಿ ಕಡೆಯಿಂದ ಬಂದ ಪದ. ಅದು ಬರುವ ಮುಂಚೆ ಕನ್ನಡದಲ್ಲಿ ಇದಕ್ಕೆ ಇದ್ದ ಮಾತು ಹೊಣೆ, ಹಳಗನ್ನಡದಲ್ಲಿ ಪೊಣೆ. ಇವತ್ತು ಹೊಣೆ ಅಂದರೆ ಬರೀ ಜವಾಬ್ದಾರಿ. ಆಗ, ಇನ್ನೊಬ್ಬನಿಗಾಗಿ ತಾನು ಸಿಕ್ಕಿಹಾಕಿಕೊಳ್ಳಲು ಒಪ್ಪಿದವನೇ ಹೊಣೆ. ನಮ್ಮ ತಾತ ಕೂಡ ಒಬ್ಬರಿಗೆ ಜಾಮೀನು ನಿಂತಿದ್ದರು. ಪ್ರತಿ ವಾಯಿದೆಯ ಹಿಂದಿನ ಸಂಜೆ ಆ ಮನುಷ್ಯನ ಮನೆ ಕಡೆ ಹೋಗಿ, ಅವನು ಊರಲ್ಲೇ ಇದ್ದಾನೆ ಅಂತ ನೋಡಿಕೊಂಡು ಬಂದು ಊಟ ಮಾಡೋರು. ಹಿಡಿಯೋಕೆ ಅಲ್ಲ, ಸುಮ್ಮನೆ ಮುಖ ನೋಡೋಕೆ.

ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಇದು ಇನ್ನೂ ಬಿಗಿ. ಅಲ್ಲಿ ಆರೋಪಿಯನ್ನು ಜೈಲಿನಿಂದ ಬಿಟ್ಟು ಜಾಮೀನುದಾರನ ಕೈಗೆ ಒಪ್ಪಿಸುತ್ತಿದ್ದರು. ಅಂದರೆ ಜಾಮೀನುದಾರನೇ ಅವನ ಜೈಲರ್. ಬೇಕಾದಾಗ ಹಿಡಿದು ತಂದು ಕೋರ್ಟಿಗೆ ವಾಪಸ್ ಒಪ್ಪಿಸಬಹುದು. ಈ ಯೋಚನೆ ಅಮೆರಿಕಕ್ಕೆ ಹೋಗಿ, ಅಲ್ಲಿ ವ್ಯಾಪಾರವಾಗಿ ಬೆಳೆಯಿತು. ಆರೋಪಿ ಒಂದು ಕಂಪನಿಗೆ ಜಾಮೀನು ಮೊತ್ತದ ಸುಮಾರು ಹತ್ತನೇ ಒಂದು ಭಾಗ ಫೀಸು ಕಟ್ಟುತ್ತಾನೆ, ಕಂಪನಿ ಕೋರ್ಟಿಗೆ ಹೊಣೆ ನಿಲ್ಲುತ್ತದೆ. ಅವನು ಓಡಿಹೋದರೆ ಹಿಡಿದು ತರಲು ಏಜೆಂಟರನ್ನು ಬಿಡುತ್ತದೆ. ಓಟಿಟಿಯಲ್ಲಿ ನೀವು ನೋಡುವ ಬೌಂಟಿ ಹಂಟರ್ ಅಂದರೆ ಇವನೇ. ನಮ್ಮಲ್ಲಿ ಬೈಕ್ ಸಾಲದ ಕಂತು ತಪ್ಪಿದರೆ ಮನೆ ಮುಂದೆ ಬಂದು ನಿಲ್ಲುವ ರಿಕವರಿ ಏಜೆಂಟ್ ಬೇರೆ, ಅವನು ಗಾಡಿ ಕೇಳುತ್ತಾನೆ. ಇವನು ಮನುಷ್ಯನನ್ನೇ ಕೇಳುತ್ತಾನೆ.

ಅಮೆರಿಕದಲ್ಲಿ ಈ ಏಜೆಂಟರು ಇವತ್ತಿಗೂ ಹಿಡಿದುಕೊಳ್ಳುವ ಒಂದು ಹಳೇ ತೀರ್ಪು ಇದೆ. ಟೇಲರ್ ವಿರುದ್ಧ ಟೇಂಟರ್, 1872ರ ಸಾಲಿನದು, ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟದ್ದು. ಜಾಮೀನುದಾರ ತನ್ನ ಆರೋಪಿಯನ್ನು ಇನ್ನೊಂದು ರಾಜ್ಯಕ್ಕೂ ಬೆನ್ನಟ್ಟಬಹುದು, ಅಗತ್ಯ ಬಿದ್ದರೆ ಅವನ ಮನೆ ಬಾಗಿಲು ಮುರಿದೂ ಒಳಗೆ ಹೋಗಬಹುದು ಎಂಬ ಮಾತು ಅದರಲ್ಲಿದೆ. ತಮಾಷೆ ಏನಪ್ಪಾ ಅಂದರೆ, ಆ ಕೇಸಿನಲ್ಲಿ ಯಾವ ಬಾಗಿಲೂ ಮುರಿದಿರಲಿಲ್ಲ. ಕನೆಕ್ಟಿಕಟ್‌ನಲ್ಲಿ ಜಾಮೀನು ಪಡೆದವನು ನ್ಯೂಯಾರ್ಕಿಗೆ ಹೋದ, ಅಲ್ಲಿಂದ ಅವನನ್ನು ಇನ್ನೊಂದು ಕೇಸಿಗೆ ಮೇನ್ ರಾಜ್ಯದವರು ಎತ್ತಿಕೊಂಡು ಹೋದರು. ಅವನನ್ನು ತರಲಾಗದೆ ಹೋದ ಜಾಮೀನುದಾರರೇ ಕೊನೆಗೆ ದುಡ್ಡು ಕಟ್ಟಬೇಕಾಯಿತು. ಅಧಿಕಾರದ ಮಾತು ದೊಡ್ಡದಾಗಿ ಬರೆದ ತೀರ್ಪಿನಲ್ಲಿ ಸೋತವರು ಜಾಮೀನುದಾರರೇ. ಈ ಭಾಗ ಯಾವ ವೆಬ್ ಸೀರೀಸಿನಲ್ಲೂ ಬರಲ್ಲ.

ಅಲ್ಲೂ ಗಡಿ ದಾಟಿದರೆ ಕಷ್ಟ ಶುರುವಾಗುತ್ತದೆ. ಕೆಂಟಕಿ, ಇಲಿನಾಯ್, ಒರೆಗಾನ್, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಈ ವ್ಯಾಪಾರವೇ ಇಲ್ಲ. ಪಕ್ಕದ ರಾಜ್ಯದಲ್ಲಿ ಕಾನೂನುಬದ್ಧ ಕೆಲಸ ಮಾಡುವವನು ಗಡಿ ದಾಟಿದ ಕೂಡಲೇ ಅಪಹರಣದ ಆರೋಪಿ ಆಗಬಹುದು. ದೇಶದ ಗಡಿ ದಾಟಿದರಂತೂ ಮುಗೀತು. 1981ರಲ್ಲಿ ಫ್ಲಾರಿಡಾದ ಕೇಸೊಂದರ ಆರೋಪಿಯನ್ನು ಕೆನಡಾದ ಟೊರಾಂಟೊದಿಂದ ಇಬ್ಬರು ಎತ್ತಿಕೊಂಡು ಬಂದರು. ಆಮೇಲೆ ಹಿಡಿದು ತಂದವರೇ ಅಪಹರಣದ ಆರೋಪ ಹೊತ್ತು ಕೆನಡಾಕ್ಕೆ ಹೋಗಿ ನಿಲ್ಲಬೇಕಾಯಿತು. 2003ರಲ್ಲಿ, ಡಾಗ್ ಅಂತ ಹೆಸರಾದ ಡ್ವೇನ್ ಚಾಪ್‌ಮನ್ ಮೆಕ್ಸಿಕೋದಲ್ಲಿ ಓಡಿಹೋದ ಒಬ್ಬನನ್ನು ಹಿಡಿದ. ಮೆಕ್ಸಿಕೋ ಪೊಲೀಸರು ಅವನನ್ನೇ ಹಿಡಿದರು.

ಸರಿ, ಈಗ ನಮ್ಮ ಕಡೆ ಬರೋಣ. ದೊಡ್ಡಉಳ್ಳಾರ್ತಿ ಹುಡುಗ ರಾಯದುರ್ಗ ಅಂದನಲ್ಲ, ಅದು ಇವತ್ತು ಆಂಧ್ರ. ಎಪ್ಪತ್ತೈದು ವರ್ಷದ ಹಿಂದೆ ಆಂಧ್ರ ರಾಜ್ಯ ಅಂತಲೇ ಇರಲಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ರಾಯದುರ್ಗ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಕಲ್ಯಾಣದುರ್ಗ ಅದೇ ಪ್ರಾಂತ್ಯದ ಅನಂತಪುರ ಜಿಲ್ಲೆ. ಮೊಳಕಾಲ್ಮೂರಂತೂ ಬಳ್ಳಾರಿ ಸೀಮೆಯೊಳಗೆ ಬೆರಳು ತೂರಿಸಿದ ಹಾಗೆ ಚಾಚಿಕೊಂಡಿದ್ದ ತಾಲ್ಲೂಕು. ಸಂತೆಗೆ, ಮದುವೆಗೆ, ಕುರಿ ಮೇಯಿಸೋಕೆ ಜನ ದಿನಾ ಆಕಡೆ ಈಕಡೆ ಓಡಾಡೋರು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಜನರ ಪಾಲಿಗೆ ಗಡಿ ಇರಲಿಲ್ಲ. ಆದರೆ ಕೋರ್ಟಿನ ಪಾಲಿಗೆ ಅದು ಎರಡು ಬೇರೆ ಬೇರೆ ಸರ್ಕಾರಗಳ ನಡುವಿನ ಗಡಿ.

ಮೈಸೂರು ಕೋರ್ಟಿನ ವಾರಂಟು ರಾಯದುರ್ಗದಲ್ಲಿ ಬರೀ ಕಾಗದ. ಚಿತ್ರದುರ್ಗ ಜಿಲ್ಲೆಯ ಆರೋಪಿ ಗಡಿ ದಾಟಿದರೆ ಏನು ಮಾಡಬೇಕು? 1903ರ ಹಸ್ತಾಂತರ ಕಾಯ್ದೆಯ ಪ್ರಕಾರ ವಿಷಯ ಮೊದಲು ಬೆಂಗಳೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟನ ಬಳಿಗೆ ಹೋಗಬೇಕು. ಅವನು ಒಪ್ಪಿ ವಾರಂಟು ಹೊರಡಿಸಿದರೆ ಅದು ಬಳ್ಳಾರಿಯ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು, ಆಮೇಲೆ ಅಲ್ಲಿನ ಪೊಲೀಸರು ಹಿಡಿದು ಕೊಡಬೇಕು. ಅದೂ ಕಾಯ್ದೆಯ ಪಟ್ಟಿಯಲ್ಲಿದ್ದ ಅಪರಾಧಗಳಿಗೆ ಮಾತ್ರ. ಆದರೆ ಅತ್ತಲಿಂದ ಇತ್ತ ಓಡಿ ಬಂದವನ ಲೆಕ್ಕ ಬೇರೆ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ಬರೆಸಿಕೊಂಡ ಪತ್ರದಲ್ಲೇ, ರೆಸಿಡೆಂಟ್ ಕೇಳಿದರೆ ಮಹಾರಾಜರು ಹಿಡಿದು ಒಪ್ಪಿಸಬೇಕು ಎಂಬ ಷರತ್ತಿತ್ತು. ಗಡಿ ಒಂದೇ. ಆ ಕಡೆಯಿಂದ ನೋಡಿದರೆ ಬಾಗಿಲು, ಈ ಕಡೆಯಿಂದ ನೋಡಿದರೆ ಗೋಡೆ.

ಇಂಥ ಗಡಿ ಮೀರಿದರೆ ಏನಾಗುತ್ತಿತ್ತು ಅನ್ನೋದಕ್ಕೆ ನಿಜಾಮರ ಸೀಮೆಯ ಒಂದು ಕೇಸು ಇದೆ. ನಮ್ಮ ವಾಡಿ ಜಂಕ್ಷನ್‌ನಿಂದ ಹೈದರಾಬಾದಿಗೆ ಹೋಗುವ ರೈಲು ಮಾರ್ಗದಲ್ಲಿ ಶಂಕರಪಲ್ಲಿ ಅನ್ನೋ ಸ್ಟೇಷನ್. ನಿಜಾಮರ ಪ್ರಜೆ ಮುಹಮ್ಮದ್ ಯೂಸುಫುದ್ದೀನ್ ಎಂಬುವರನ್ನು ಅಲ್ಲಿ ಬಂಧಿಸಿದರು. ವಾರಂಟು ಹೊರಡಿಸಿದ್ದು ಎಲ್ಲಿಂದ ಗೊತ್ತಾ? ಶಿಮ್ಲಾದ ಮ್ಯಾಜಿಸ್ಟ್ರೇಟರಿಂದ. ರೈಲ್ವೆ ಜಾಗದ ಅಧಿಕಾರವನ್ನು ನಿಜಾಮರು ನಮಗೆ ಬಿಟ್ಟುಕೊಟ್ಟಿದ್ದಾರಲ್ಲ ಅನ್ನೋದು ಬ್ರಿಟಿಷರ ವಾದ. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. 1897ರಲ್ಲಿ ತೀರ್ಪು ಬಂತು: ರೈಲ್ವೆಗೆ ಸಂಬಂಧಪಟ್ಟ ಅಧಿಕಾರ ರೈಲ್ವೆಗೆ ಮಾತ್ರ, ಈ ಬಂಧನ ಅಕ್ರಮ. ಸಾಮ್ರಾಜ್ಯದ ಪೊಲೀಸರಿಗೇ ಪ್ಲಾಟ್‌ಫಾರ್ಮ್ ಮೇಲೆ ಹೀಗಾದರೆ, ಚಳ್ಳಕೆರೆಯ ಒಬ್ಬ ಜಾಮೀನುದಾರ ಎತ್ತಿನ ಗಾಡಿ ಕಟ್ಟಿಕೊಂಡು ರಾಯದುರ್ಗಕ್ಕೆ ಹೋಗಿದ್ದರೆ ಏನಾಗುತ್ತಿತ್ತು, ನೀವೇ ಯೋಚನೆ ಮಾಡಿ.

ಸ್ವಾತಂತ್ರ್ಯ ಬಂದ ಮೇಲೆ ಈ ಗೋಡೆ ಬಿತ್ತು. 1951ರಲ್ಲಿ ದಂಡ ಪ್ರಕ್ರಿಯಾ ಸಂಹಿತೆ ಮೈಸೂರಿಗೂ ಅನ್ವಯವಾಯಿತು. ಎರಡೂ ಕಡೆ ಒಂದೇ ಕಾನೂನು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆ ಕಡೆ ಹೋದವು, ಉಳಿದವು ಮೈಸೂರಿಗೆ ಬಂದವು. ಈಗ ಒಂದು ಕೋರ್ಟಿನ ವಾರಂಟು ದೇಶದ ಯಾವ ಮೂಲೆಯಲ್ಲಾದರೂ ನಡೆಯುತ್ತದೆ. ಪೊಲೀಸರಿಗೆ ಗಡಿ ಬರೀ ಕೆಲಸದ ಕ್ರಮದ ವಿಷಯ: ಸ್ಥಳೀಯ ಠಾಣೆಗೆ ತಿಳಿಸಬೇಕು, ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಕರೆತರಬೇಕು. ಅದನ್ನೂ ಹಗುರವಾಗಿ ತಗೊಳ್ಳೋ ಹಾಗಿಲ್ಲ. 2023ರ ಆಗಸ್ಟ್‌ನಲ್ಲಿ ಆರೋಪಿಗಳನ್ನು ಹಿಡಿಯಲು ಕೇರಳಕ್ಕೆ ಹೋಗಿದ್ದ ಬೆಂಗಳೂರಿನ ಪೊಲೀಸರ ಮೇಲೆ, ಹಣ ಪಡೆದ ಆರೋಪದಲ್ಲಿ ಕಳಮಶ್ಶೇರಿ ಪೊಲೀಸರೇ ಕೇಸು ದಾಖಲಿಸಿದ್ದು ನಿಮಗೆ ನೆನಪಿರಬಹುದು.

ಜಾಮೀನುದಾರನ ಪಾಲಿನ ಗಡಿ ಬಿದ್ದಿದ್ದು ಇನ್ನೂ ತಡವಾಗಿ. 1978, ಮೋತಿರಾಮ್ ಕೇಸು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಜಾಮೀನು ಕೇಳಿದರು. ಅವನ ಅಣ್ಣತಮ್ಮನೇ ಜಾಮೀನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ತಿರಸ್ಕರಿಸಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದಕ್ಕೆ ಸಿಟ್ಟಾಗಿ ಬರೆದ ತೀರ್ಪಿನಲ್ಲಿ ಕನ್ನಡಿಗನೂ ಬರುತ್ತಾನೆ. ಕನ್ನಡಿಗನೋ ಮಲಯಾಳಿಯೋ ದೂರದ ಬಸ್ತಾರ್‌ನಲ್ಲೋ ಪೋರ್ಟ್‌ಬ್ಲೇರ್‌ನಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ ಅವರು ಕೇಳಿದರು. ಮೋತಿರಾಮ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಹೊರಬಂದ. 2024ರ ಗಿರೀಶ್ ಗಾಂಧಿ ತೀರ್ಪಿನಲ್ಲಿ, ಹಲವು ರಾಜ್ಯಗಳಲ್ಲಿ ಕೇಸು ಇದ್ದವನಿಗೆ ಅದೇ ಜಾಮೀನುದಾರರು ಎಲ್ಲಾ ಕಡೆ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಜಾಮೀನು ನಿಲ್ಲಲು ಬರುವವರು ಯಾರು? ಹತ್ತಿರದ ನೆಂಟರು, ಹಳೇ ಸ್ನೇಹಿತರು. ಅದನ್ನೂ ಆ ತೀರ್ಪು ಗಮನಿಸಿದೆ.

ಹಾಗಾದರೆ ಹೊಣೆ ಹೊರುವ ಹಕ್ಕು ಗಡಿ ದಾಟಿತು. ಹಿಡಿದು ತರುವ ಹಕ್ಕು? ಅದನ್ನು ನಮ್ಮ ಕಾನೂನು ಜಾಮೀನುದಾರನಿಗೆ ಕೊಡಲೇ ಇಲ್ಲ. ಅಮೆರಿಕದ ದಾರಿ ಇಲ್ಲಿ ಬೆಳೆಯದೆ ಇರೋದಕ್ಕೆ ಇನ್ನೊಂದು ಕಾರಣವೂ ಇದೆ. "ನನಗೆ ಜಾಮೀನು ನಿಲ್ಲು, ನಷ್ಟವಾದರೆ ನಾನು ಕಟ್ಟಿಕೊಡ್ತೀನಿ" ಅಂತ ಆರೋಪಿ ಬರೆದುಕೊಟ್ಟರೆ ಆ ಒಪ್ಪಂದವೇ ಅಸಿಂಧು ಅಂತ ಇಲ್ಲಿನ ಹೈಕೋರ್ಟುಗಳು ಇಪ್ಪತ್ತನೇ ಶತಮಾನದ ಶುರುವಿನಿಂದಲೇ ಹೇಳಿವೆ. ಕಾರಣ ಸರಳ. ನಷ್ಟದ ಭಯ ಇಲ್ಲದವನು ಆರೋಪಿಯ ಮೇಲೆ ಕಣ್ಣಿಡೋದಿಲ್ಲ. ಹಾಗಾಗಿ ಜಾಮೀನು ಇಲ್ಲಿ ಕಾನೂನುಬದ್ಧ ವ್ಯಾಪಾರವಾಗಲಿಲ್ಲ. ಕೋರ್ಟ್ ಆವರಣದಲ್ಲಿ ನಕಲಿ ಪಹಣಿ, ನಕಲಿ ಆಧಾರ್ ಹಿಡಿದು ದುಡ್ಡಿಗೆ ಜಾಮೀನು ನಿಲ್ಲುವವರು ಆಗಾಗ ಸಿಕ್ಕಿಬೀಳುತ್ತಾರೆ, ಅದು ಬೇರೆ ಮಾತು.

ನನ್ನ ಅಭಿಪ್ರಾಯ ಕೇಳಿದರೆ, ಇದರಲ್ಲಿ ಒಂದು ಅನ್ಯಾಯ ಇದ್ದೇ ಇದೆ. ಅಮೆರಿಕದ ಕಂಪನಿಗೆ ಫೀಸೂ ಇದೆ, ಹಿಡಿಯುವ ಕೈಯೂ ಇದೆ. ದೊಡ್ಡಉಳ್ಳಾರ್ತಿಯ ಅಪ್ಪನಿಗೆ ಎರಡೂ ಇಲ್ಲ, ನೋಟಿಸ್ ಮಾತ್ರ ಇದೆ. ಆದರೂ ಹಿಡಿಯುವ ಕೈ ಎಲ್ಲರಿಗೂ ಕೊಟ್ಟಿದ್ದರೆ ನಮ್ಮ ಹಳ್ಳಿಗಳಲ್ಲಿ ಯಾರ ಕೈ ಯಾರ ಮೇಲೆ ಬೀಳುತ್ತಿತ್ತು ಅಂತ ಯೋಚಿಸಿದರೆ ಭಯ ಆಗುತ್ತೆ.

ಬೆಳಿಗ್ಗೆ ಹುಡುಗ ಫೋನ್ ಮಾಡಿದ. ಅಷ್ಟರಲ್ಲಿ ನಾನು ಪರಿಚಯದ ವಕೀಲರೊಬ್ಬರನ್ನು ಕೇಳಿದ್ದೆ. ನಾಲ್ಕು ಜನ ಹೋಗಿ ಎತ್ತಿಕೊಂಡು ಬಂದರೆ ಅದು ಅಪಹರಣ, ಗಾಡಿಯಲ್ಲಿ ಕೂರಿಸಿಕೊಂಡರೆ ಅಕ್ರಮ ಬಂಧನ. ಎತ್ತಿದ ಊರಿನ ಕೋರ್ಟಾಗಲಿ, ಸಾಗಿಸಿದ ಇಲ್ಲವೇ ಕೂಡಿಹಾಕಿದ ಊರಿನ ಕೋರ್ಟಾಗಲಿ ವಿಚಾರಣೆ ನಡೆಸಬಹುದು. ಅಂದರೆ ರಾಯದುರ್ಗದ ಠಾಣೆಯಲ್ಲಿ ಕೇಸು ಬಿದ್ದರೆ ಈ ಹುಡುಗನಿಗೇ ಆಂಧ್ರದಲ್ಲಿ ಜಾಮೀನು ಬೇಕಾಗುತ್ತಿತ್ತು. ಯಾರು ನಿಲ್ಲೋರು? ಮತ್ತೆ ಅದೇ ಅಪ್ಪ, ಅದೇ ಪಹಣಿ.

"ಹಂಗಾದ್ರೆ ಸುಮ್ನೆ ಕೂತ್ಕೊಳ್ಳೋದಾ ಅಣ್ಣಾ?" ಅಂದ.

ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಳೇ ದಾರಿ ಹಾಗೇ ಇದೆ. ಜಾಮೀನುದಾರ ಯಾವಾಗ ಬೇಕಾದರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು "ನನ್ನನ್ನು ಬಿಡುಗಡೆ ಮಾಡಿ" ಅನ್ನಬಹುದು, 489ನೇ ಕಲಂ. ಆಗ ಕೋರ್ಟೇ ಆರೋಪಿಯ ಮೇಲೆ ವಾರಂಟು ಹೊರಡಿಸುತ್ತದೆ. ಮುಚ್ಚಳಿಕೆ ಜಪ್ತಿಯ ನೋಟಿಸ್ ಬಂದಿದ್ದರೆ ಅದಕ್ಕೆ ಕಾರಣ ಹೇಳಬಹುದು. 491ನೇ ಕಲಂನಲ್ಲಿ ಕೋರ್ಟು ದಂಡದ ಒಂದು ಭಾಗ ಮನ್ನಾ ಮಾಡಲು ಅವಕಾಶ ಇದೆ. ನೋಟಿಸ್ ಬಂದರೂ ಸುಮ್ಮನಿದ್ದರೆ ಮಾತ್ರ ಕಷ್ಟ. ಕಟ್ಟದ ದಂಡಕ್ಕೆ ಆರು ತಿಂಗಳವರೆಗೆ ಸಿವಿಲ್ ಜೈಲು ಕೂಡ ಆಗಬಹುದು. ಆರೋಪಿಯನ್ನು ಕೋರ್ಟು ಘೋಷಿತ ಅಪರಾಧಿ ಅಂತ ಸಾರಿದ ಮೇಲೆ ಸಾಮಾನ್ಯ ಮನುಷ್ಯನೂ ಅವನನ್ನು ಹಿಡಿಯಬಹುದು. ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಪೊಲೀಸರು ಎದುರಿಗಿಲ್ಲದಿದ್ದರೆ ಹತ್ತಿರದ ಠಾಣೆಗೆ ಕರೆದೊಯ್ಯಬೇಕು. ಹತ್ತಿರದ ಠಾಣೆ ಅಂದರೆ ರಾಯದುರ್ಗದ ಕಡೆಯದೇ, ಚಳ್ಳಕೆರೆಯದಲ್ಲ.

ಅವನಪ್ಪ ಮಾರನೇ ವಾರ ಅರ್ಜಿ ಹಾಕಿದರು, ಅಳಿಯ ಎಲ್ಲಿದ್ದಾನೆ ಅನ್ನೋ ವಿಳಾಸದ ಸಮೇತ. ವಾರಂಟು ಹೊರಟಿತು. ಅದು ಗೊತ್ತಾಗಿ, ಪೊಲೀಸರು ಹೋಗುವ ಮುಂಚೆಯೇ ಅತ್ತೆ ಮಗ ಒಂದು ಬೆಳಿಗ್ಗೆ ಬಸ್ಸಿಳಿದು ಬಂದನಂತೆ. ಹುಡುಗ ಮೊನ್ನೆ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸಿದ್ದಾನೆ: "ಅಣ್ಣಾ, ಕೋರ್ಟು ಬೇರೆ ಜಾಮೀನುದಾರರನ್ನ ತಾ ಅಂತ ಅವನಿಗೆ ಹೇಳೈತೆ. ಅತ್ತೆ ನಿನ್ನೆಯಿಂದ ನಮ್ಮನೇಲೇ ಕುಂತವ್ರೆ. ಅಪ್ಪ ಇನ್ನೂ ಏನೂ ಹೇಳಿಲ್ಲ."