ಟಿಪ್ಪುವಿನ ಹುಲಿ, ಅಸಾಂಟೆಯ ಚಿನ್ನ

ಚಾಮರಾಜಪೇಟೆಯ ಕಡೆಯಿಂದ ಆಲ್ಬರ್ಟ್ ವಿಕ್ಟರ್ ರಸ್ತೆ ಹಿಡಿದು ಸಿಟಿ ಮಾರ್ಕೆಟ್ಟಿನತ್ತ ಬಂದರೆ, ಕೋಟೆ ವೆಂಕಟರಮಣ ದೇವಸ್ಥಾನದ ಮಗ್ಗುಲಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿದ್ದನ್ನು ಮಗ 1791ರಲ್ಲಿ ಮುಗಿಸಿದ. ಅದೇ ವರ್ಷ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯೊಳಕ್ಕೆ ನುಗ್ಗಿತು. ಗೋಡೆ ಒಡೆದ ಜಾಗದಲ್ಲಿ ಫಲಕ ಇವತ್ತಿಗೂ ಇದೆ. ಅರಮನೆಯ ಕೆಳಗಿನ ಕೋಣೆಗಳಲ್ಲಿ ಪುಟ್ಟ ಮ್ಯೂಸಿಯಂ ಉಂಟು. ಟಿಪ್ಪುವಿನ ಸಿಂಹಾಸನ ಅಲ್ಲಿ ಚಿತ್ರವಾಗಿ ಮಾತ್ರ ಸಿಗುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಮೇಲೆ, ಲೂಟಿ ಹಂಚಲು ನೇಮಕವಾದ ಬ್ರಿಟಿಷ್ ಅಧಿಕಾರಿಗಳು ಆ ಸಿಂಹಾಸನವನ್ನು ತುಂಡುತುಂಡು ಮಾಡಿಸಿದರು. ಚಿನ್ನದ ದೊಡ್ಡ ಹುಲಿತಲೆ, ರತ್ನ ಕೂರಿಸಿದ ಹುಮಾ ಪಕ್ಷಿ ಇಂಗ್ಲೆಂಡಿನ ರಾಜಮನೆತನದ ಪಾಲಾದವು. ಕಟಾಂಜನದ ಸಣ್ಣ ಹುಲಿತಲೆಗಳಲ್ಲಿ ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ.

ಆ ಲೂಟಿಯಲ್ಲಿ ಎಲ್ಲರಿಗೂ ಗೊತ್ತಿರುವುದು ಟಿಪ್ಪುವಿನ ಮರದ ಹುಲಿ. ಬಿಳಿಯ ಸಿಪಾಯಿಯ ಮೈಮೇಲೆ ಎರಗಿರುವ ಆ ಹುಲಿಯ ಪಕ್ಕೆಯಲ್ಲೊಂದು ಹಿಡಿ. ತಿರುಗಿಸಿದರೆ ಒಳಗಿನ ತಿದಿ ಉಸಿರೆಳೆದು ಹುಲಿ ಗುರುಗುಟ್ಟುತ್ತದೆ, ಸಿಪಾಯಿ ನರಳುತ್ತಾನೆ, ಅವನ ಎಡಗೈ ಮೇಲೇರಿ ಇಳಿಯುತ್ತದೆ. ಪಕ್ಕೆಯ ಮುಚ್ಚಳ ತೆರೆದರೆ ಆರ್ಗನ್ ವಾದ್ಯದ ಮನೆಗಳು. 1808ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. 1880ರಿಂದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಸೂರು ಕುಸಿದು ನುಚ್ಚಾದದ್ದನ್ನು ಅಲ್ಲಿನವರೇ ಜೋಡಿಸಿದರು. ಆ ಶ್ರಮವನ್ನು ಮರೆಯಬಾರದು. ಆದರೆ ಅದರಿಂದ ಲೂಟಿ ಕ್ರಯವಾಗುವುದಿಲ್ಲ.

ಇದೇ ಮ್ಯೂಸಿಯಂನಲ್ಲಿ ಘಾನಾದ ಅಸಾಂಟೆ ಅರಸರ ಚಿನ್ನವೂ ಇದೆ. 1874ರಲ್ಲಿ ಬ್ರಿಟಿಷರು ಕುಮಾಸಿಯನ್ನು ಸುಟ್ಟು ಹೊತ್ತೊಯ್ದದ್ದು. 1983ರ ಕಾಯ್ದೆ ಮ್ಯೂಸಿಯಂನ ಕೈ ಕಟ್ಟಿದೆ, ಸ್ವತ್ತನ್ನು ಸುಲಭವಾಗಿ ಬಿಟ್ಟುಕೊಡುವಂತಿಲ್ಲ. ಹಾಗಾಗಿ 2024ರಲ್ಲಿ ಅದೂ ಬ್ರಿಟಿಷ್ ಮ್ಯೂಸಿಯಮ್ಮೂ ಸೇರಿ 32 ವಸ್ತುಗಳನ್ನು ಕುಮಾಸಿಯ ಮನ್ಹಿಯಾ ಅರಮನೆ ಮ್ಯೂಸಿಯಂಗೆ ಮೂರು ವರ್ಷದ ಮಟ್ಟಿಗೆ ಎರವಲು ಕೊಟ್ಟವು. ತಮ್ಮದೇ ಒಡವೆಯನ್ನು ಎರವಲು ತರುವುದು ಎಂಥ ನ್ಯಾಯ? ಅದೇ ವರ್ಷ ಅಮೆರಿಕದ ಫೌಲರ್ ಮ್ಯೂಸಿಯಂ ತನ್ನಲ್ಲಿದ್ದ ಏಳು ವಸ್ತುಗಳನ್ನು ಕುಮಾಸಿಗೆ ಶಾಶ್ವತವಾಗಿ ಒಪ್ಪಿಸಿತು. ಜರ್ಮನಿ ಬೆನಿನ್ ಅರಸೊತ್ತಿಗೆಯಿಂದ ಲೂಟಿಯಾಗಿದ್ದ ಕಂಚಿನ ಕಲಾಕೃತಿಗಳನ್ನು 2022ರಲ್ಲಿ ನೈಜೀರಿಯಕ್ಕೆ ಮರಳಿಸುವ ಮೊದಲು ಎರಡೂ ಕಡೆಯ ಮ್ಯೂಸಿಯಂ ತಜ್ಞರು ವರ್ಷಗಟ್ಟಲೆ ಒಂದೇ ಮೇಜಿನ ಸುತ್ತ ಕೂತಿದ್ದರು.

ನಮ್ಮಲ್ಲಿ ಅಂಥ ಮೇಜು ಇನ್ನೂ ಬೇಕಾಗಿದೆ. ಟಿಪ್ಪುವಿನ ಹೆಸರು ಸುದ್ದಿಗೆ ಬರುವುದು ಹರಾಜಾದಾಗ: 2023ರ ಮೇ ತಿಂಗಳಲ್ಲಿ ಅವನ ಖಡ್ಗವೊಂದು ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಬಿಕರಿಯಾಯಿತು. ಆರಂಭಕ್ಕೆ ಟಿಪ್ಪುವಿನ ಸೈನ್ಯದ ರಾಕೆಟ್ಟುಗಳೇ ಸಾಕು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಗ್ರಾಮದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಮೈಸೂರಿನಿಂದ ಒಯ್ದ ರಾಕೆಟ್ಟುಗಳು ಇಂಗ್ಲೆಂಡಿನ ವೂಲಿಚ್ ಸೇರಿದ್ದವು. ಅಲ್ಲೇ ಬ್ರಿಟಿಷ್ ಸಂಶೋಧಕ ಕಾಂಗ್ರೀವ್ ತನ್ನ ರಾಕೆಟ್ ತಯಾರಿಸಿದ. ಎರಡೂ ಕಡೆಯ ವಸ್ತು, ದಾಖಲೆಗಳನ್ನು ಎರಡೂ ದೇಶಗಳ ತಜ್ಞರು ಕೂಡಿ ಪರೀಕ್ಷಿಸಲಿ, ಪಟ್ಟಿಯನ್ನು ಕನ್ನಡದಲ್ಲೂ ಅಚ್ಚು ಹಾಕಲಿ. ಹುಲಿಯನ್ನು ಕೇಳುವ ಪತ್ರ ಆ ಪಟ್ಟಿಯ ಜೊತೆಗೇ ಬೆಂಗಳೂರಿನಿಂದ ಹೋಗಲಿ.